ಹುಳು ಮನೆಯಲ್ಲಿ ಹಾರ್ಡ್ ರಾಕ್

ಶಬ್ದ ಮಾಡುವುದೇ ಕಸುಬಾದವರಿಗೆ ಮರ್ಯಾದೆ ಹೋಗುವ ಪ್ರಸಂಗಗಳಿಗೆ ಬರವಿಲ್ಲ. ಕೊಳ್ಳೇಗಾಲದ ನಮ್ಮ ಆರ್ಕೆಸ್ಟ್ರಾ ಹನ್ನೆರಡು ವರ್ಷ ಮದುವೆಗಳಲ್ಲಿ ಸಿನಿಮಾ ಹಾಡು ನುಡಿಸಿ, ಕಡೆಗೆ ಸ್ವಂತ ಹಾಡುಗಳ ಹಾರ್ಡ್ ರಾಕ್ ಆಲ್ಬಂ ಮಾಡಲು ಹೊರಟಿತು. ಗಿಟಾರ್ ನುಡಿಸುವ ನನ್ನದೇ ಈ ದುರ್ಬುದ್ಧಿ. ಆದರೂ ದಾರಿಯುದ್ದಕ್ಕೂ ಜನ ನಮ್ಮ ಕೈ ಬಿಡಲಿಲ್ಲ. ಆ ಋಣಕ್ಕಾಗಿ ಇಷ್ಟು ಹೇಳಲೇಬೇಕು.

೧. ರಿಪೇರಿ

ಹೊಸ ಧಾಟಿಯನ್ನು ಮೊದಲು ಪರೀಕ್ಷಿಸಿದ್ದು ಶಾಗ್ಯದ ಒಂದು ಬೀಗರ ಊಟದಲ್ಲಿ. ಗಿಟಾರಿನ ದನಿಯನ್ನು ಬೇಕೆಂದೇ ಒರಟು ಮಾಡಿ, ಗರಗರ ಎನ್ನುವಂತೆ ಬಾರಿಸಿದೆ. ಊಟಕ್ಕೆ ಕೂತವರು ತುತ್ತು ಹಿಡಿದ ಕೈ ನಿಲ್ಲಿಸಿದರು. ಗೆದ್ದೆವು ಅಂದುಕೊಂಡೆ. ಅಷ್ಟರಲ್ಲಿ ಮೈಕ್‌ಸೆಟ್ಟಿನವನು ಸ್ಕ್ರೂಡ್ರೈವರ್ ಹಿಡಿದು ಓಡಿ ಬಂದ. ಬಾಕ್ಸು ಕೆಟ್ಟಿದೆ ಎಂದು ಎಲ್ಲರ ಕ್ಷಮೆ ಕೇಳಿ, ನನ್ನ ವೈರು ಕಿತ್ತು, ದನಿಯನ್ನು ಮೊದಲಿನ ಹಾಗೆ ನಯ ಮಾಡಿಕೊಟ್ಟ. ಅವತ್ತು ಚಪ್ಪಾಳೆ ಬಿದ್ದದ್ದು ಅವನಿಗೆ. ವಿಷಯ ತಿಳಿದ ಮೇಲೆ ನಾಚಿಕೊಂಡು, ಆಲ್ಬಂ ರೆಕಾರ್ಡ್ ಮಾಡುವ ಹೊಣೆ ತಾನೇ ಹೊತ್ತ ಪುಣ್ಯಾತ್ಮ. ಈಗಲೂ ನಾನು ಗಿಟಾರ್ ಎತ್ತಿಕೊಂಡರೆ ಅವನ ಕೈ ಸ್ಕ್ರೂಡ್ರೈವರ್ ಹುಡುಕುತ್ತದೆ.

೨. ಕೂಗು

ಆಲ್ಬಮ್ಮಿನ ಕೊನೆಯ ಹಾಡು ಒಂದು ಸಿಟ್ಟಿನ ಕೂಗಿನಿಂದ ಮುಗಿಯಬೇಕಿತ್ತು. ಅದಿಲ್ಲದಿದ್ದರೆ ಹಾಡೇ ಸಪ್ಪೆ. ನಮ್ಮ ಗಾಯಕನೋ ಪ್ರೇಮಗೀತೆ ಹಾಡಿಯೇ ಬೆಳೆದವನು, ಸ್ವಂತ ಮಕ್ಕಳನ್ನೂ ಗದರಿದವನಲ್ಲ. ಊರಲ್ಲಿ ಕೂಗಲು ಸಂಕೋಚವೆಂದು ಮಟಮಟ ಮಧ್ಯಾಹ್ನ ಅವನನ್ನು ಕಾಡಂಚಿನ ಲೊಕ್ಕನಹಳ್ಳಿಯ ನೆಂಟರ ಹೊಲಕ್ಕೆ ಕರೆದೊಯ್ದೆ. ಮೂರನೇ ಕೂಗಿಗೆ ಅಕ್ಕಪಕ್ಕದ ಹೊಲದವರು ದೊಣ್ಣೆ, ತಗಡಿನ ಡಬ್ಬ, ಪಟಾಕಿ ಹಿಡಿದು ಓಡಿ ಬಂದರು. ಆನೆ ಯಾರನ್ನೋ ಅಟ್ಟಿಸಿಕೊಂಡು ಬಂದಿದೆ ಅಂದುಕೊಂಡಿದ್ದರು. ಹಾಡು ಕಲಿಯುತ್ತಿದ್ದೇವೆ ಎಂದರೂ ಒಬ್ಬರೂ ಬೈಯಲಿಲ್ಲ. ಗಾಯಕನ ಬೆನ್ನು ಸವರಿ, ನೀರು ಕುಡಿಸಿ, ಮುದ್ದೆ ಊಟ ಹಾಕಿದರು. ಒಬ್ಬ ಹಿರಿಯರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಇದು ಬೈಯೋನ್ ಕೂಗಲ್ಲ ಸಾ, ಬೈಸ್ಕಳೋನ್ ಕೂಗು."

೩. ಗಡುವು

ಯಳಂದೂರಿನ ಹತ್ತಿರ ರೇಷ್ಮೆ ಹುಳು ಸಾಕುವ ಅಕ್ಕ ಒಬ್ಬರು, ಒಂದು ಬೆಳೆಗೂ ಇನ್ನೊಂದು ಬೆಳೆಗೂ ನಡುವೆ ಖಾಲಿ ಬೀಳುವ ಹುಳು ಮನೆಯನ್ನು ರೆಕಾರ್ಡಿಂಗಿಗೆ ಸುಮ್ಮನೆ ಬಿಟ್ಟುಕೊಟ್ಟಿದ್ದರು. ಆ ತಾಯಿ ಇಲ್ಲದಿದ್ದರೆ ನಮ್ಮ ಆಲ್ಬಮ್ಮೇ ಇಲ್ಲ. ಒಂದೇ ಷರತ್ತು: ಮರಿಹುಳು ತರುವುದಕ್ಕೆ ಮೂರು ದಿನ ಮೊದಲು ಜಾಗ ಖಾಲಿಯಾಗಬೇಕು, ಮನೆ ತೊಳೆದು ಔಷಧಿ ಹೊಡೆಯಬೇಕು. ಆ ದಿನ ಬಂದೇಬಿಟ್ಟಿತು. ಆ ಕೂಗೊಂದು ಬಿಟ್ಟು ಎಲ್ಲ ಮುಗಿದಿತ್ತು. ಬೇರೆ ಜಾಗ ನಮಗಿರಲಿಲ್ಲ. ಮೈಕ್‌ಸೆಟ್ಟಿನವನು ರೆಕಾರ್ಡಿಂಗ್ ಶುರುಮಾಡಿ ಕೈ ತೋರಿಸಿದ. ಗಾಯಕ ಕಣ್ಣು ಮುಚ್ಚಿ ಬಾಯಿ ತೆರೆದ. ಅದೇ ಹೊತ್ತಿಗೆ ಅಕ್ಕ ಬಾಗಿಲನ್ನು ದಡಾರನೆ ತೆಗೆದರು.

"ಇನ್ನೂವೆ ಎತ್ತಿಲ್ವೇನ್ಲಾ ನಿಮ್ ಡಬ್ಬ ಡೋಲೆಲ್ಲಾ! ನನ್ ಹುಳ ಸತ್ತೋದ್ರೆ ನೀವ್ ಕಟ್ಟೀರೇನ್ಲಾ ಗೂಡ!"

ಗಾಯಕ ತೆರೆದ ಬಾಯಿ ಹಾಗೇ ಮುಚ್ಚಿಕೊಂಡ. ನಾವು ಸಾಮಾನು ಹೊರಗಿಟ್ಟು, ಮನೆಯನ್ನು ನಾವೇ ತೊಳೆದೆವು. ಸಂಜೆ ಕೇಳಿ ನೋಡಿದರೆ ಅಕ್ಕನ ಬೈಗುಳ ತಾಳಕ್ಕೆ ಸರಿಯಾಗಿ ರೆಕಾರ್ಡಾಗಿದೆ. ಕೂಗಿನ ಜಾಗಕ್ಕೆ ಅದನ್ನೇ ಇಟ್ಟುಕೊಂಡೆವು.

ಒಪ್ಪಿಗೆ ಕೇಳದೆ ಹಾಕುವುದು ಹೇಗೆ? ಹುಳು ಗೂಡು ಕಟ್ಟಿದ ಮೇಲೆ ಎಲ್ಲರೂ ಹೋಗಿ, ಹೆದರುತ್ತಲೇ ಅವರ ಕಿವಿಗೆ ಹೆಡ್‌ಫೋನ್ ಇಟ್ಟೆವು. ಕೊನೆಯವರೆಗೂ ಕೇಳಿದರು. ಮುಖ ಸಣ್ಣದಾಯಿತು. ತಪ್ಪಾಯ್ತು ಅಕ್ಕಾ, ತೆಗೆದುಬಿಡುತ್ತೇವೆ ಎಂದೆ.

"ಅದಲ್ಲ ಕಣ್ರಪ್ಪಾ," ಅಂದರು ಅಕ್ಕ. "ನೀವ್ ನೊಂದ್ಕತೀರಿ ಅಂತ ಅವತ್ತು ಮೆತ್ತುಗ್ ಬೈದಿದ್ದೆ. ಇನ್ನೊಂದ್ಸಲ ತಕಳಿ, ಸರಿಯಾಗ್ ಬೈತೀನಿ."