ಉಗ್ರಾಣದಿಂದ ಮಾಯವಾದ ಬೀಜದ ಮೊಗೆಕಾಯಿ

ಪರಿಮಳಾಳಿಗೆ ಸಿಟ್ಟು ಬರಲು ಕಾರಣವೇ ಬೇಕೆಂದೇನೂ ಇರಲಿಲ್ಲ. ಆದರೆ ಆ ಬುಧವಾರ ಬೆಳಿಗ್ಗೆ ಬಂದ ಸಿಟ್ಟಿಗೆ ಮಾತ್ರ ಕಾರಣವಿತ್ತು. ಉಗ್ರಾಣದ ಜಂತಿಗೆ ಬಾಳೆಪಟ್ಟೆಯಲ್ಲಿ ಕಟ್ಟಿ ತೂಗುಹಾಕಿದ್ದ ಬೀಜದ ಮೊಗೆಕಾಯಿ ಕಾಣೆಯಾಗಿತ್ತು. ಕಟ್ಟಿದ ಪಟ್ಟೆ ಇತ್ತು, ಕಾಯಿ ಇರಲಿಲ್ಲ. (ಕಳ್ಳನಿಗೆ ಪಟ್ಟೆ ಬೇಡವಾಗಿತ್ತೆಂದು ಕಾಣುತ್ತದೆ.)

ಅದೇನು ಸಾಮಾನ್ಯ ಸಾಂಬಾರು ಸೌತೆಯೇ? ಹಸಿರು ಗೀಟಿನ, ಐದು ಕಿಲೋ ತೂಗುವ, ನಂದೊಳ್ಳಿಯ ತವರುಮನೆಯಿಂದ ಅವಳೊಡನೆ ವಾನಳ್ಳಿಗೆ ಬಂದ ತಳಿ. ಆ ವರ್ಷ, ಅಂದರೆ ಎರಡು ಸಾವಿರದ ಮೂರರಲ್ಲಿ, ಬಳ್ಳಿಗೆ ಹುಳ ಬಿದ್ದು ಉಳಿದದ್ದು ಅದೊಂದೇ ಕಾಯಿ. ಪಕ್ಕದಲ್ಲಿ ತೂಗುತ್ತಿದ್ದ ಮೂರು ಕಾಯಿಗಳು ಸಂತೆಯವು. ಹುಳಿಗೆ ಸರಿ, ಬೀಜಕ್ಕಲ್ಲ. ಬರುವ ಭಾನುವಾರ ಶಿರಸಿಯಲ್ಲಿ ಬೀಜ ಮೇಳ. ಅಲ್ಲಿ ಒಂದು ಮೇಜು, ಒಂದು ಕುರ್ಚಿ ಪರಿಮಳಾಳ ಹೆಸರಿಗೆ ಮಂಜೂರಾಗಿದ್ದವು. ಈಗ ಆ ಮೇಜಿನ ಮೇಲೆ ಏನನ್ನಿಡುವುದು, ತಲೆಯನ್ನೇ?

"ಯಾರು ಕದ್ದಿದ್ದು?" ಎಂದು ಅವಳು ಜಗಲಿಗೆ ಬಂದು ಗುಡುಗಿದಳು.

ಪೇಪರು ಓದುತ್ತಿದ್ದ ಗಂಡ ವಿಘ್ನೇಶ್ವರ ಕನ್ನಡಕ ತೆಗೆದ. "ಕದ್ದಿದ್ದಲ್ಲ ಮಾರಾಯ್ತಿ, ಆನು ಎಂತ ಹೇಳ್ತೆ ಅಂದ್ರೆ..."

"ನಿಂಗ ಎಂತದೂ ಹೇಳದು ಬ್ಯಾಡ. ಮನೆಯಲ್ಲಿ ಕಳ್ಳತನ ಆದ್ರೂ ಪೇಪರ್ ಓದ್ತಾ ಕುಂತವ್ರು! ಬಾಯಿ ಮುಚ್ಚಿ ಕೂತ್ಕಳಿ."

ವಿಘ್ನೇಶ್ವರ ಮತ್ತೆ ಕನ್ನಡಕ ಹಾಕಿಕೊಂಡ.

ತನಿಖೆ ಶುರುವಾಯಿತು. ಮೊದಲ ಶಂಕಿತ ಮಂಗ. ಆದರೆ ಮಂಗ ಕದ್ದರೆ ಅಂಗಳದ ತುಂಬ ಸಿಪ್ಪೆ ಚೆಲ್ಲಿ ತಾನು ಬಂದದ್ದನ್ನು ಸಾರಿಹೋಗುತ್ತದೆ. ಎರಡನೆಯವರು ಹಿಂದಿನ ದಿನ ಉಪನಯನಕ್ಕೆ ಕರೆಯಲು ನಂದೊಳ್ಳಿಯಿಂದ ಹೇಳದೆ ಕೇಳದೆ ಬಂದಿಳಿದ ಐವರು ನೆಂಟರು. ಪರಿಮಳಾ ಗಡಿಬಿಡಿಯಲ್ಲಿ ಮೊಗೆಕಾಯಿ ಹುಳಿ ಮಾಡಿ, "ಸಂತೆ ಕಾಯಿ, ಸಪ್ಪೆ, ಬೇಜಾರು ಮಾಡಿಕೊಳ್ಳಬೇಡಿ" ಎಂದರೂ ಮೂರು ಮೂರು ಸಲ ಬಡಿಸಿಕೊಂಡವರು! ಹೊಟ್ಟೆಯ ಮೇಲೆ ಅನುಮಾನ ಪಡಬಹುದಿತ್ತು. ಆದರೆ ಅವರ ಕೈಚೀಲದಲ್ಲಿ ಆಮಂತ್ರಣ ಪತ್ರಿಕೆ ಬಿಟ್ಟರೆ ಒಂದು ನಿಂಬೆಹಣ್ಣಿಗೂ ಜಾಗವಿರಲಿಲ್ಲ.

ಉಳಿದವಳು ಬೇಲಿಯಾಚೆಯ ರಾಜೀವಿ. ಮಂಗಳವಾರ ಸಂಜೆ ಮೊಸರಿಗೆ ಹೆಪ್ಪು ಬೇಕೆಂದು ಬಂದಿದ್ದಳು. ಹೆಪ್ಪಂತೆ ಹೆಪ್ಪು! ಎರಡು ದನ ಕರೆಯುವ ಮನೆಯಲ್ಲಿ ಹೆಪ್ಪಿಗೆ ಬರವೇ?

ಪರಿಮಳಾಳ ಬಳಿ ಇದ್ದ ಮಹಾಸ್ತ್ರವೆಂದರೆ ಅವಳ ನಾಲಿಗೆ. (ಬೈಯಲು ಮಾತ್ರವಲ್ಲ, ರುಚಿ ನೋಡಲು ಕೂಡ.) ತವರಿನ ಮೊಗೆಕಾಯಿಯನ್ನು ಕಣ್ಣು ಕಟ್ಟಿ ಬಾಯಿಗಿಟ್ಟರೂ ಗುರುತಿಸಬಲ್ಲೆನೆಂಬುದು ಅವಳ ಪ್ರತಿಜ್ಞೆ. ಮಧ್ಯಾಹ್ನ ಸರಿಯಾಗಿ ಊಟದ ಹೊತ್ತಿಗೆ ರಾಜೀವಿಯ ಮನೆ ಹೊಕ್ಕಳು. ಅಲ್ಲಿ ಮೊಗೆಕಾಯಿ ಹುಳಿಯೇ ಆಗಿತ್ತು. ಒಂದು ಹೋಳು ಬಾಯಿಗಿಟ್ಟಳು. ಅದೇ ರುಚಿ!

"ಸಿಕ್ಕಿಬಿದ್ದೆ! ಬೀಜಕ್ಕೆ ಇಟ್ಟಿದ್ದನ್ನ ಬೇಯಿಸಿ ತಿಂಬಲೆ ಮನಸ್ಸಾದ್ರೂ ಹ್ಯಾಂಗೆ ಬಂತೇ ನಿಂಗೆ?"

ರಾಜೀವಿಯ ಕೈಲಿದ್ದ ಸೌಟು ಹಾಗೇ ನಿಂತಿತು. "ಎಂತ ಹೇಳ್ತಾ ಇದ್ರಿ ಅತ್ತಿಗೆ? ಇದು ಎಂಗ್ಳ ಬಳ್ಳಿದು. ಇದ್ರ ಬೀಜ ನಿಂಗನೇ..."

"ಕದ್ದಿದ್ದೂ ಅಲ್ದೆ ಎದುರುತ್ತರ ಬೇರೆ!" ಎಂದು ಪರಿಮಳಾ ಎದ್ದೇಬಿಟ್ಟಳು. ಎಲೆಯ ಮುಂದಿನಿಂದ ಹಾಗೆ ಎದ್ದುಹೋದ ಅವಮಾನಕ್ಕೆ ರಾಜೀವಿಯ ಕಣ್ಣಲ್ಲಿ ನೀರು ಬಂತು. ಅದನ್ನೂ ಪರಿಮಳಾ ತಪ್ಪೊಪ್ಪಿಗೆಯೆಂದೇ ಲೆಕ್ಕ ಹಿಡಿದಳು.

ಸಾಕ್ಷಿ ಗಟ್ಟಿಯಾಗಲೆಂದು ಗುರುವಾರ ಕೆಳಗಿನ ಮನೆಯ ಗಗನಾಳಲ್ಲಿಗೆ ಹೋದಳು. ಅಲ್ಲಿ ಮೊಗೆಕಾಯಿ ದೋಸೆ. ಅದರಲ್ಲೂ ಅದೇ ರುಚಿ! ಶುಕ್ರವಾರ ರಮ್ಯಶ್ರೀಯ ಮನೆಯಲ್ಲಿ ಪಲ್ಯ. ಅದೇ! ಇಡೀ ವಾನಳ್ಳಿಯೇ ಕಳ್ಳರ ಸಂತೆಯಾಗಿದೆಯೆಂದು ಅವಳಿಗೆ ಖಾತ್ರಿಯಾಯಿತು.

"ಎಲ್ಲ ಸೇರಿ ಹಂಚ್ಕಂಡು ತಿಂದಿದ್ರಿ ಅಲ್ದಾ?" ಎಂದು ಅವಳು ರಮ್ಯಶ್ರೀಯ ಮೇಲೆ ಹರಿಹಾಯ್ದಳು.

ರಮ್ಯಶ್ರೀ ನಡುವೆ ಬಾಯಿ ಹಾಕಲು ಬಿಡುವವಳಲ್ಲ, ಹೈಸ್ಕೂಲು ಟೀಚರು. "ಸುಮ್ನಿರಿ ಅತ್ತಿಗೆ, ಆನು ಹೇಳಿ ಮುಗಿಸ್ತೆ. ಹೋದ ವರ್ಷ ಬೀಜ ಹಂಚಿದ್ದು ಯಾರು? ಬ್ಯಾಡ ಅಂದವ್ರಿಗೂ ಕೈಯಲ್ಲಿ ತುರುಕಿ, ತವರಿಂದು ತವರಿಂದು ಹೇಳಿ ಹಾಡಿದ್ದು ಯಾರು? ಊರಿನ ಎಲ್ಲ ಮನೆಯಲ್ಲೂ ನಿಂಗಳದ್ದೇ ಬಳ್ಳಿ."

ಪರಿಮಳಾ ಮನೆಗೆ ಬಂದಳು. ಊರವರು ಕದ್ದಿಲ್ಲವೆಂದ ಮೇಲೆ ಉಳಿದವನೊಬ್ಬನೇ. ಅವನು ಜಗಲಿಯಲ್ಲೇ ಇದ್ದ, ಬೇರೆ ಪೇಪರಿನೊಡನೆ.

"ಹೇಳಿ ಈಗ!"

"ಹೇಳ್ಲಾ?" ಎಂದು ವಿಘ್ನೇಶ್ವರ ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡ. "ಮಂಗಳವಾರ ನೆಂಟ್ರು ಬಂದಾಗ ನೀನೇ ಒಳಗಿಂದ ಕೂಗಿದ್ದು, ಒಂದು ಮೊಗೆಕಾಯಿ ಇಳಿಸಿ ಸಿಪ್ಪೆ ತೆಗೆದು ಹೋಳು ಮಾಡಿ ಕೊಡಿ ಹೇಳಿ. ಯಾವ್ದು ಇಳಿಸವು ಹೇಳಿ ಆನು ಕೇಳ್ದಿ. ಯಾವ್ದಾದ್ರೂ ಇಳಿಸಿ, ತಲೆ ತಿನ್ನಡಿ ಅಂದೆ ನೀನು. ಆನು ಕೈಗೆ ಹತ್ರ ಇದ್ದಿದ್ದು ಇಳಿಸ್ದಿ."

"ಬೀಜ? ಬೀಜ ಎಲ್ಲಿ?"

"ತಿರುಳಿನ ಸಂಗ್ತಿಗೆ ಅಕ್ಕಚ್ಚಿಗೆ ಹೋತು. ದನ ಕುಡತ್ತು."

ಮೂರು ದಿನ ಊರೆಲ್ಲ ಸುತ್ತಿ ಅಕ್ಕಪಕ್ಕದ ಹುಳಿಯ ಜಾತಕ ಬರೆದ ಆ ನಾಲಿಗೆ, ತನ್ನ ಮನೆಯ ಹುಳಿಯನ್ನೇ ಸಂತೆ ಕಾಯಿ ಸಪ್ಪೆ ಎಂದು ನೆಂಟರೆದುರು ಹಳಿದಿತ್ತು! ಪರಿಮಳಾಳಿಗೆ ಗಂಡನ ಮೇಲೆ, ದನದ ಮೇಲೆ, ನಂದೊಳ್ಳಿಯವರ ಮೇಲೆ ಸರದಿಯ ಪ್ರಕಾರ ಸಿಟ್ಟು ಬಂತು. ತನ್ನ ಮೇಲೆ ಬರುವ ಸರದಿ ಬಂದಾಗ ಅಲ್ಲೇ ಕುಕ್ಕರಿಸಿ ಕುಳಿತಳು.

ಶನಿವಾರ ಬೇರೆ ದಾರಿಯಿಲ್ಲದೆ ಬೇಲಿ ದಾಟಿದಳು. ಬಲಿತ ಕಾಯಿಯ ಬೀಜ ರಾಜೀವಿಯ ಮನೆಯಲ್ಲಿ ಮಾತ್ರವಿತ್ತು. ಉಳಿದವರು ಎಳತರಲ್ಲೇ ತಿಂದು ಮುಗಿಸಿದ್ದರು. ರಾಜೀವಿ ಬೂದಿಯಲ್ಲಿ ಹೊರಳಿಸಿದ ಬೀಜವನ್ನು ಗೆರಸಿಯಲ್ಲಿ ಹರವುತ್ತಿದ್ದಳು. ತಲೆ ಎತ್ತಲಿಲ್ಲ.

"ತಪ್ಪಾತೇ ರಾಜೀವಿ. ಆನೇ ಬೇಯಿಸಿ ತಿಂದಿದ್ದಡ," ಎಂದಳು ಪರಿಮಳಾ. ಅಷ್ಟು ಸಣ್ಣ ದನಿ ಅವಳಲ್ಲಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. "ಒಂದು ಮುಷ್ಟಿ ಬೀಜ ಕೊಡ್ತ್ಯಾ?"

ರಾಜೀವಿ ಬಹಳ ಹೊತ್ತು ಬೀಜ ಹರವಿದಳು. "ಬೀಜ ಕೇಳಿದವ್ರಿಗೆ ಇಲ್ಲೆ ಅಂಬಲಾಗ. ಕೊಡ್ತೆ. ಆದ್ರೆ ಮೇಳಕ್ಕೆ ಆನೂ ಬತ್ತೆ."

ಭಾನುವಾರ ಪರಿಮಳಾಳ ಹೆಸರಿನ ಮೇಜಿನ ಹಿಂದೆ, ಪರಿಮಳಾಳ ಹೆಸರಿನ ಕುರ್ಚಿಯಲ್ಲಿ ರಾಜೀವಿ ಕುಳಿತಿದ್ದಳು. ಕುರ್ಚಿ ಒಂದೇ ಇತ್ತು. ಬೀಜಕ್ಕೆ ಜನ ಮುಗಿಬಿದ್ದರು. ಪೇಪರಿನವರೂ ಬಂದು ಕ್ಯಾಮೆರಾ ಎತ್ತಿದರು. "ಅಪರೂಪದ ತಳಿಯಂತಲ್ಲ, ಬೀಜ ಯಾರದ್ದು?"

"ನಮ್ಮ ಮನೆಯದ್ದೇ," ಎಂದಳು ರಾಜೀವಿ, ಸೆರಗು ಸರಿಮಾಡಿಕೊಂಡು.

"ಹಿಂದೆ ನಿಂತವರು?"

"ಇವರಾ? ಬಾಜು ಮನೆಯವರು. ಪೊಟ್ಟಣ ಕಟ್ಟಲಿಕ್ಕೆ ಬಂದಿದ್ದಾರೆ."

ಪರಿಮಳಾಳ ಸಿಟ್ಟು ನೆತ್ತಿಗೇರಿತು. ಏನೋ ಹೇಳಲು ಹೊರಟಳು. ಅಷ್ಟರಲ್ಲಿ ರಾಜೀವಿ ತಿರುಗಿ, "ಬೇಗ ಬೇಗ ಕಟ್ಟಿ ಅತ್ತಿಗೆ, ಜನ ಕಾಯ್ತಾ ಇದ್ದ," ಎಂದಳು. ಪರಿಮಳಾ ಇನ್ನೊಂದು ಕಾಗದ ಹರಿದಳು.