ಕೊಂಡ ಹಾಡು ಬಾಯಿ ಬಿಡಲಿಲ್ಲ

ಪ್ರಾಮಾಣಿಕತೆಯ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇತ್ತು. ಗದಗ ನಿಲ್ದಾಣದಲ್ಲಿ ನೆಂಟರನ್ನು ರೈಲು ಹತ್ತಿಸಲು ಹೋದಾಗಲೂ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆಸುವವನು ನಾನು. ಅದನ್ನು ತೆಗೆಸಿ ಬರುವಷ್ಟರಲ್ಲಿ ಎರಡು ಸಲ ರೈಲೇ ಹೋಗಿಬಿಟ್ಟಿದೆ. ಲಕ್ಷ್ಮೇಶ್ವರದಲ್ಲಿರುವ ಅಕ್ಕನ ಗಂಡ, ನಮ್ಮ ಮಾಮಾ, ಪೆನ್‌ಡ್ರೈವಿನ ತುಂಬ ಪದ, ಅಂದರೆ ಹಾಡು, ತುಂಬಿಕೊಂಡು ಟ್ರ್ಯಾಕ್ಟರಿನಲ್ಲಿ ಕೇಳುತ್ತ ಅಡ್ಡಾಡುವವರು. "ಅದೆಲ್ಲಾ ಕಳುವಿನ ಮಾಲು ಮಾಮಾ" ಎಂದು ಅವರಿಗೆ ಎಷ್ಟು ಸಲ ಹೇಳಿದ್ದೆನೋ. "ಪದಕ್ಕ ಬೇಲಿ ಇರ್ತೈತೇನೋ ತಮ್ಮಾ?" ಎಂದು ನಗುತ್ತಿದ್ದರು.

ಈ ನಡುವೆ ಅಕ್ಕನ ಮಗಳ ಕುಬಸ ನಿಶ್ಚಯವಾಯಿತು. ನಮ್ಮ ಕಡೆ ಸೀಮಂತಕ್ಕೆ ಹಾಗೆನ್ನುತ್ತೇವೆ. ಬಸುರಿಯನ್ನು ಕೂಡ್ರಿಸಿ ಸೋಬಾನೆ ಪದ ಹೇಳದಿದ್ದರೆ ಅದು ಕುಬಸವೇ ಅಲ್ಲ, ಮತ್ತು ನಮ್ಮ ಬಳಗದಲ್ಲಿ ಆ ಪದ ಹೇಳುವವಳು ನಮ್ಮವ್ವ. ಆದರೆ ಗಂಟಲಿನ ಆಪರೇಷನ್ ಆದ ಮೇಲೆ ಅವಳಿಗೆ ಉಳಿದದ್ದು ಪಿಸುಮಾತು ಮಾತ್ರ. "ನಾ ಕ್ಯಾಸೆಟ್ಟಿಗೆ ಹೇಳಿದ್ನಲ್ಲಾ, ಆ ಪದಾ ಹಚ್ಚಪಾ. ಮೊಮ್ಮಗಳು ನನ್ನ ದನಿ ಒಮ್ಮಿ ಕೇಳಲಿ" ಅಂದಳು. ಅವಳು ಹರೆಯದಲ್ಲಿ ಹೇಳಿದ ಪದಗಳನ್ನು ಒಂದು ಕಂಪನಿ ಕ್ಯಾಸೆಟ್ ಮಾಡಿ ಮಾರಿತ್ತು. ನಮ್ಮ ಮನೆಯಲ್ಲಿದ್ದ ಆ ಕ್ಯಾಸೆಟ್ಟಿನ ರೀಲನ್ನು ಟೇಪ್ ರೆಕಾರ್ಡರ್ ಎಂದೋ ನುಂಗಿ ಹಾಕಿತ್ತು. ಆದರೂ ಹಚ್ಚುತ್ತೇನೆಂದು ಮಾತು ಕೊಟ್ಟೆ.

ಕ್ಯಾಸೆಟ್ ಮಾಡಿದ ಕಂಪನಿ ಮುಚ್ಚಿ, ಅದರ ಹಾಡುಗಳೆಲ್ಲ ಕೈಯಿಂದ ಕೈಗೆ ಮಾರಾಟವಾಗಿ ಯಾವುದೋ ಪರದೇಶದ ಕಂಪನಿಯ ಪಾಲಾಗಿದ್ದವು. ಅಂತರ್ಜಾಲದಲ್ಲಿ ಹುಡುಕಿ ಹಿಡಿದೆ, ಕೊಂಡೆ, ರಸೀದಿಯೂ ಬಂತು. ಹಚ್ಚಿದರೆ, "ಈ ಹಾಡು ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ." ಪ್ರದೇಶ ಎಂದರೆ ಎಷ್ಟು ದೊಡ್ಡದು ಎಂದು ಅವರು ಹೇಳಿರಲಿಲ್ಲ. ನಾನಿರುವ ಬೆಟಗೇರಿಯಲ್ಲಿ ಬರದಿದ್ದರೆ ಮುಂಡರಗಿಯಲ್ಲಿ ಬಂದೀತು ಎಂದು ಅಲ್ಲಿನ ಬಸ್ ನಿಲ್ದಾಣದಲ್ಲಿ ಫೋನು ಎತ್ತಿ ಹಿಡಿದು ನಿಂತೆ. ಶಿರಹಟ್ಟಿಯಲ್ಲೂ ನಿಂತೆ. ಕೊನೆಗೆ ಕಂಪನಿಗೆ ಬರೆದರೆ ಉತ್ತರ ಬಂತು: ನಿಮ್ಮ ಖರೀದಿ ಸುರಕ್ಷಿತವಾಗಿದೆ, ನಿಮ್ಮ ದೇಶದಲ್ಲಿ ಅದನ್ನು ಕೇಳುವ ಹಕ್ಕು ಮಾತ್ರ ಇಲ್ಲ. ನಮ್ಮ ಸೀಮೆಯ ಹೆಣ್ಣುಮಗಳ ಸೋಬಾನೆ ಪದವನ್ನು ನಮ್ಮ ಸೀಮೆ ಬಿಟ್ಟು ಇನ್ನಾವ ದೇಶದ ಬಸುರಿ ಕೇಳುತ್ತಿದ್ದಾಳೋ! ನನಗೆ ತಲೆಬುಡ ತಿಳಿಯಲಿಲ್ಲ. ಆಫೀಸಿನ ಗೆಳೆಯನ ಮಾತು ಕೇಳಿ ಆ ಕಂಪನಿಯ ಆ್ಯಪನ್ನು ನನ್ನ ಫೋನು, ಹೆಂಡತಿಯ ಫೋನು, ಕಂಪ್ಯೂಟರು ಎಲ್ಲಕ್ಕೂ ಹಾಕಿ ನೋಡಿದೆ. ಅನುಮತಿಸಿದ ಸಾಧನಗಳ ಮಿತಿ ಮುಗಿದಿದೆ ಎಂದು ಅದು ಖಾತೆಗೇ ಬೀಗ ಜಡಿಯಿತು. ಒಂದು ಸಲವೂ ಕೇಳದ ಹಾಡಿಗೆ ಮಿತಿ ಮುಗಿಯುವುದು ಹೇಗೆ?

ಕುಬಸದ ದಿನ ಹಸಿರು ಸೀರೆ ಉಟ್ಟು ಕೂತ ಮೊಮ್ಮಗಳ ಪಕ್ಕದಲ್ಲಿ ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ನನಗೆ ಅಳುವೇ ಬಂದಂತಾಯಿತು. "ಅವ್ವಾ, ಖರೀದಿ ಮಾಡೇನಿ, ರಸೀದಿ ಐತಿ" ಅಂದೆ. "ರಸೀದಿ ಹಾಡ್ತೈತೇನೋ?" ಎಂದು ಅಕ್ಕ ಸಿಡುಕಿದಳು. ಮಾಮಾ ಹೋಗಿ ತಮ್ಮ ಪೆನ್‌ಡ್ರೈವ್ ತಂದು ಸ್ಪೀಕರಿಗೆ ಸಿಕ್ಕಿಸಿದರು.

ಅವ್ವನ ದನಿ! ಎಳೆಯ, ತುಂಬಿದ ದನಿ. ಬಸುರಿ ಹುಡುಗಿ ಅಜ್ಜಿಯ ಕೈ ಹಿಡಿದುಕೊಂಡಳು. ಎರಡನೆಯ ನುಡಿಯ ನಡುವೆ ಪದದೊಳಗಿಂದಲೇ ಯಾರೋ ಬಾಗಿಲು ಬಡಿದ ಸದ್ದು, ಅದರ ಹಿಂದೆಯೇ ಒಬ್ಬ ಗಂಡಸಿನ ಒದರಾಟ: "ಯಾರಲೇ ಅದು? ಬಾಗಲಾ ಬಡೀಬ್ಯಾಡ್ರಿ, ಪದಾ ತುಂಬಸಾಕತ್ತೇನಿ!"

ಅದು ನನ್ನ ದನಿ. ನೆನಪಾಯಿತು. ಎರಡು ಟೇಪ್ ರೆಕಾರ್ಡರುಗಳನ್ನು ಎದುರುಬದುರು ಇಟ್ಟು, ಬಾಗಿಲು ಹಾಕಿಕೊಂಡು, ಕೇಳಿದವರಿಗೆಲ್ಲ ಆ ಕ್ಯಾಸೆಟ್ಟಿನ ನಕಲು ಮಾಡಿ ಹಂಚಿದವನು ನಾನೇ. "ಸೊರಟೂರಾಗೂ ಇದ ನಕಲು ಐತಿ, ಮುಂಡರಗ್ಯಾಗೂ ಇದ ಐತಿ" ಎಂದರು ಮಾಮಾ, ನನ್ನ ಬೆನ್ನು ತಟ್ಟುತ್ತ. "ಎಲ್ಲಾ ಕಡೆ ನೀ ಒದರಾಕತ್ತೀಯೋ ತಮ್ಮಾ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಅವ್ವ ಕಣ್ಣೊರೆಸಿಕೊಂಡು, "ಇನ್ನೊಮ್ಮಿ ಹಚ್ಚರಿ" ಎಂದು ಪಿಸುಗುಟ್ಟಿದಳು. ತನ್ನ ದನಿ ಕೇಳುವುದಕ್ಕೋ, ನನ್ನ ದನಿ ಕೇಳಿ ಮತ್ತೆ ನಗುವುದಕ್ಕೋ, ಇವತ್ತಿಗೂ ನನಗೆ ತಿಳಿದಿಲ್ಲ.