ಹದಿನೇಳನೇ ಗೆಲಾಕ್ಸಿ

ಆ ಭಾನುವಾರ ಬೆಳಿಗ್ಗೆ ರೂಪಾ ಫೋನಿನಲ್ಲಿ ಅಷ್ಟು ಜೋರಾಗಿ ಮಾತಾಡಬಾರದಿತ್ತು.

"ಹದಿನೇಳನೇ ನಂಬರು ನಮ್ಮ ಗುಂಪಿಂದಲ್ರಿ ಸರ್. ನೋಡಾಕ ಬಾಜೂಕ ಐತಿ ಅನಸ್ತೈತಿ, ಖರೇ ಅಂದ್ರ ಭಾಳ ದೂರದ್ದು. ಪಟ್ಟಿಯಿಂದ ತಗದ ಹಾಕ್ತೀನ್ರಿ."

ರೂಪಾ ಯಲಬುರ್ಗಾ ಬಳಿಯ ಮಂಗಳೂರು ಎಂಬ ಹಳ್ಳಿಯಲ್ಲಿ ವಿಜ್ಞಾನದ ಶಿಕ್ಷಕಿ. ಆರು ವರ್ಷಗಳಿಂದ ಗೆಲಾಕ್ಸಿಗಳ ಒಂದು ಗುಚ್ಛದ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ದೊಡ್ಡ ದೂರದರ್ಶಕ ತೆಗೆದ ಚಿತ್ರದಲ್ಲಿ ಅಕ್ಕಪಕ್ಕ ಕಾಣುವ ಅರವತ್ತೆರಡು ಗೆಲಾಕ್ಸಿಗಳಲ್ಲಿ ನಿಜವಾಗಿ ಒಟ್ಟಿಗಿರುವವು ಯಾವುವು, ಎಲ್ಲೋ ಹಿಂದೆ ಇದ್ದುಕೊಂಡು ಸುಮ್ಮನೆ ನಡುವೆ ಕಾಣಿಸಿಕೊಂಡವು ಯಾವುವು ಎಂದು ಅವುಗಳ ಬೆಳಕಿನಿಂದ ಗುರುತಿಸುವುದು ಅವಳ ಕೆಲಸ. ಪ್ರಬಂಧ ಸಲ್ಲಿಸಲು ನಾಳೆಯೇ ಕೊನೆಯ ದಿನ.

ಹೊರಗೆ ಬಟ್ಟೆ ಒಣಹಾಕುತ್ತಿದ್ದ ನೆರೆಮನೆಯ ಗಾಳೆಮ್ಮನಿಗೆ ಇದೊಂದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಎರಡೇ. ಹೋದ ವಾರ ಇದೇ ಅಕ್ಕೋರು ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗಿದ್ದರು. ಓಣಿಯಲ್ಲಿ ತನ್ನ ಮನೆಯ ನಂಬರು ಹದಿನೇಳು.

ಹತ್ತು ನಿಮಿಷದಲ್ಲಿ ರೂಪಾಳ ಅಂಗಳ ಸಂತೆಯ ದಿನದ ಬಸ್ಸಿನಂತಾಯಿತು. ಎಲ್ಲರ ಕೈಯಲ್ಲೂ ಆಧಾರ್ ಕಾರ್ಡು.

"ನಾ ಎಲ್ಲಿ ದೂರದಾಕಿ ಆದ್ನಿ ಅಕ್ಕೋರ?" ಗಾಳೆಮ್ಮ ತನ್ನ ಕಾರ್ಡು ಮುಂದೆ ಹಿಡಿದಳು. "ಹಿಂದ ಒಂದ್ಸಲ ನಾ ಸತ್ತೀನಿ ಅಂತ ಕಾಗದದಾಗ ಬರದಿದ್ರು. ಜೀವಂತ ಅದೀನಿ ಅಂತ ತೋರ್ಸಾಕ ಎರಡು ವರ್ಷ ಅಡ್ಡಾಡೇನಿ. ಈಗ ಮತ್ತ ಯಾರ ಬಾಗಲಾ ಬಡೀಲಿ?"

ರೂಪಾಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಗಾಳೆಮ್ಮನನ್ನು ಚಾಪೆಯ ಮೇಲೆ ಕೂರಿಸಿ, ಲ್ಯಾಪ್‌ಟಾಪ್ ತಂದು ಚಿತ್ರ ತೋರಿಸಿದಳು.

"ಹದಿನೇಳು ಅಂದ್ರ ಇದು ನೋಡು, ಯವ್ವಾ. ಕೋಟಿಗಟ್ಟಲೆ ಚುಕ್ಕಿ ಕೂಡಿದ ಗೆಲಾಕ್ಸಿ. ಇದರ ಬೆಳಕು ಕೆಂಪಿನ ಕಡಿ ಸರದಷ್ಟೂ ದೂರದ್ದು ಅಂತ ಲೆಕ್ಕ. ನಿನ್ನ ಹೆಸರು ಯಾರೂ ತಗದಿಲ್ಲ."

ಓಣಿಯ ಹಿರಿಯ ಮುದುಕಪ್ಪ ಕನ್ನಡಕ ಏರಿಸಿ ನೋಡಿದ. "ಹಿಟ್ಟು ಚೆಲ್ಲಿದಂಗ ಐತಿ. ಇದನ್ನ ನೋಡಿ ನಾವು ಹೆಂಗ ನಂಬೋದು? ಆ ಸರ್‌ಗ ಫೋನ್ ಹಚ್ರಿ. ನಮ್ಮ ಕಿವೀಲೆ ಕೇಳ್ತೀವಿ."

ಬೇರೆ ದಾರಿ ಕಾಣದೆ ರೂಪಾ ಸ್ಪೀಕರ್ ಹಾಕಿ ಫೋನ್ ಮಾಡಿದಳು. ಅವಳು ಬಾಯಿ ತೆರೆಯುವ ಮೊದಲೇ ಅವಳ ಪಿಎಚ್.ಡಿ. ಗೈಡ್ ಶುರುವಿಟ್ಟುಕೊಂಡರು.

"ರೂಪಾ, ಛಲೋ ಆತು ನೀವ ಮಾಡಿದ್ರಿ. ಹದಿನೇಳನೇದರ ಹೊಸ ಅಳತಿ ಈಗ ಬಂತು. ಹಳೇದು ತಪ್ಪು. ಅದು ನಮ್ಮ ಗುಂಪಿಂದ ಐತಿ. ಪಟ್ಟಿಗೆ ವಾಪಸ್ ಸೇರಿಸ್ರಿ."

ಅಂಗಳವೆಲ್ಲ ಚಪ್ಪಾಳೆ ಹೊಡೆಯಿತು. ಗಾಳೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಫೋನಿಗೇ ಕೈಮುಗಿದಳು. ರೂಪಾ ಗೋಡೆಗೆ ಒರಗಿದಳು. ಆ ಒಂದು ಗೆಲಾಕ್ಸಿ ಒಳಬಂದರೆ ಇಡೀ ಗುಚ್ಛದ ತೂಕದ ಲೆಕ್ಕ ಬದಲಾಗುತ್ತದೆ. ಎರಡು ಅಧ್ಯಾಯ ಮತ್ತೆ ಬರೆಯಬೇಕು. ಇರುವುದು ಒಂದು ದಿನ.

ಜನ ಹೋದ ಮೇಲೆ ಬಾಗಿಲು ಹಾಕಿಕೊಂಡು ಬರೆಯಲು ಕೂತಳು. ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ತೆರೆದರೆ ಹಿಂದಿನ ಓಣಿಯ ಇಮಾಮಬೀ, ಕೈಯಲ್ಲಿ ರೇಶನ್ ಕಾರ್ಡು. ಅವಳ ಹಿಂದೆ ಇಪ್ಪತ್ತು ಮಂದಿಯ ಸಾಲು. ಸಾಲನ್ನು ನೆಟ್ಟಗೆ ನಿಲ್ಲಿಸುತ್ತಿದ್ದವಳು ಗಾಳೆಮ್ಮ.

"ರೇಶನ್ ಪಟ್ಟಿಯಿಂದ ನಮ್ಮ ಹೆಸರು ತಗದಾರ. ನಮ್ಮದೂ ಆ ಸಾಹೇಬ್ರಿಗೆ ಒಂದ ಮಾತ ಹೇಳ್ರಿ ಅಕ್ಕೋರ," ಎಂದಳು ಇಮಾಮಬೀ.

"ಅವ್ರು ಬರೇ ಆಕಾಶದ್ದ ನೋಡೋರವ್ವಾ!" ರೂಪಾಳಿಗೆ ಅಳುವೇ ಬಂದಿತ್ತು.

ಗಾಳೆಮ್ಮ ಸಾಲಿನ ಕಡೆ ತಿರುಗಿ ಕೂಗಿದಳು. "ಕೇಳಿದ್ರೇನ? ಭಾಳ ಮ್ಯಾಲಿನ ಸಾಹೇಬ್ರು ಅಂತ ನಾ ಹೇಳಲಿಲ್ಲೇನ!"